ಮೇರಿ ಚೆಸ್ನಟ್: ದಿನಚರಿಯ ಮರುಸೃಷ್ಟಿ

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1823ರಲ್ಲಿ ಜನಿಸಿದ ಮೇರಿ ಚೆಸ್ನಟ್ ಸೆನೆಟರೊಬ್ಬರ ಪತ್ನಿ. ಗುಲಾಮಪದ್ಧತಿಯನ್ನು ಹಳಿಯುತ್ತಲೇ ಅದು ಒದಗಿಸಿದ ಸೌಖ್ಯದಲ್ಲಿ ಬಾಳಿದವಳು. ಅಂತರ್ಯುದ್ಧ ಆರಂಭವಾದ 1861ರಲ್ಲಿ ಆಕೆ ದಿನಚರಿ ಬರೆಯತೊಡಗಿದಳು. ಸೋಲಿನ ನಂತರ ಉಳಿದದ್ದು ಸಾಲ. 1870ರ ದಶಕದಲ್ಲಿ ಕೈಹಾಕಿದ ಕಾದಂಬರಿಗಳು ಪೂರ್ಣಗೊಳ್ಳಲಿಲ್ಲ. ಆ ಅಭ್ಯಾಸ ಮಾತ್ರ ವ್ಯರ್ಥವಾಗಲಿಲ್ಲ. 1881ರಿಂದ ಹಳೆಯ ಟಿಪ್ಪಣಿಗಳನ್ನು ಹಿಗ್ಗಿಸಿ, ಸಂಭಾಷಣೆಗಳನ್ನು ಕಟ್ಟಿ, ಯುದ್ಧಕಾಲದ ದಿನಾಂಕಗಳ ಅಡಿಯಲ್ಲಿಯೇ ಹೊಸದಾಗಿ ಬರೆದಳು. ಯುದ್ಧದ ಅಂತ್ಯವನ್ನು ಕಂಡವಳು ಕಾಣದವಳಂತೆ ಬರೆಯಬೇಕಿತ್ತು. ಕಾದಂಬರಿಕಾರ್ತಿಯಾಗಿ ಆಕೆ ನಿಜವಾಗಿ ಗೆದ್ದದ್ದು ಇಲ್ಲಿಯೇ. 1886ರಲ್ಲಿ ಆಕೆ ತೀರಿಕೊಂಡಾಗ ಕೃತಿ ಹಸ್ತಪ್ರತಿಯಾಗಿಯೇ ಉಳಿದಿತ್ತು. 1905ರಲ್ಲಿ ಪ್ರಕಟವಾದಾಗ ಓದುಗರು ಅದನ್ನು ಯುದ್ಧದ ನಡುವೆ ಬರೆದ ದಿನಚರಿಯೆಂದೇ ನಂಬಿದರು. ಇತಿಹಾಸಕಾರ ವಾನ್ ವುಡ್‌ವರ್ಡ್ 1981ರ ಆವೃತ್ತಿಯಲ್ಲಿ ಈ ಮರುಬರಹವನ್ನು ಸ್ಪಷ್ಟಪಡಿಸಿದನು. ಮರುವರ್ಷ ಆ ಆವೃತ್ತಿಗೆ ಪುಲಿಟ್ಜರ್ ಪ್ರಶಸ್ತಿ ಸಂದದ್ದು ಇತಿಹಾಸ ವಿಭಾಗದಲ್ಲಿ.