ವಕೀಲ ಫ. ಗು. ಹಳಕಟ್ಟಿಯವರು

ಶ್ರೀಮಠದ ಭಕ್ತಮಂಡಲಿಗೆ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ವಚನಪಿತಾಮಹರೆಂದು ನಾಡು ಅವರನ್ನು ಕರೆದಿದೆ. ಅವರು ಹುಟ್ಟಿದ ಜುಲೈ 2ನೆಯ ದಿನವು ಈಗ ವಚನ ಸಾಹಿತ್ಯದ ಸಂರಕ್ಷಣೆಯ ದಿನವಾಗಿ ಆಚರಣೆಯಲ್ಲಿದೆ. ಆದರೆ ಅವರ ಚರಿತ್ರವನ್ನು ಬರೆಯುವವರಲ್ಲಿ ಬಹುಮಂದಿ ಅವರ ವಕೀಲಿಯ ಸಂಗತಿಯನ್ನು ಒಂದೆರಡು ಸಾಲಿನಲ್ಲಿ ಮುಗಿಸಿ, ಅದು ಅವರು ಇಳಿಸಿಬಂದ ಸಂಸಾರದ ಹೊರೆಯೆಂಬಂತೆ ಎಣಿಸಿ ಮುಂದೆ ಸಾಗುತ್ತಾರೆ. ನನ್ನ ಅಲ್ಪಮತಿಗೆ ತೋರುವದು ಬೇರೆ. ಆ ಮಹನೀಯರು ಕೋರ್ಟಿನಲ್ಲಿ ಕಲಿತದ್ದನ್ನು ಕೋರ್ಟಿನಲ್ಲಿಯೇ ಬಿಟ್ಟು ಬರಲಿಲ್ಲ. ಶರಣರ ವಾಙ್ಮಯದ ಬಾಗಿಲಿಗೆ ಅದನ್ನೇ ಕೀಲಿಕೈಯಾಗಿ ತಂದರು. ಅವರ ಚರಿತ್ರವನ್ನು ಈ ದೃಷ್ಟಿಯಿಂದ ಇಲ್ಲಿ ಸಂಗ್ರಹವಾಗಿ ನಿವೇದಿಸಿದೆ.

ಹಳಕಟ್ಟಿಯವರು 1880ನೆಯ ಇಸವಿಯಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಅಕ್ಷರಪ್ರಿಯರು, ತಾಯಿ ದಾನಾದೇವಿಯವರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಕೂಸು ಅಜ್ಜಿಯ ಮಡಿಲಲ್ಲಿ ಬೆಳೆಯಿತು. 1896ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಆ ಕಾಲದಲ್ಲಿ ನಮ್ಮ ಭಾಗವು ಮುಂಬಯಿ ಇಲಾಖೆಗೆ ಸೇರಿದ್ದಿತು. ಸರಕಾರದ ಕಚೇರಿಗಳಲ್ಲಿಯೂ ದೊಡ್ಡವರ ಮಾತಿನಲ್ಲಿಯೂ ಮರಾಠಿಯ ಬಲವೇ ಹೆಚ್ಚಾಗಿದ್ದು ಕನ್ನಡವು ಹಿತ್ತಿಲ ಬಾಗಿಲಲ್ಲಿ ನಿಂತಂತಿದ್ದಿತು. ಮುಂಬಯಿಯಲ್ಲಿ ಗುಜರಾಥಿಗಳೂ ಮರಾಠಿಗರೂ ತಮ್ಮ ತಮ್ಮ ನುಡಿಯ ಮೇಲೆ ಇಟ್ಟ ಅಭಿಮಾನವನ್ನು ಕಣ್ಣಾರೆ ಕಂಡ ಈ ತರುಣರಿಗೆ ತಮ್ಮ ನಾಡಿನ ದುಸ್ಥಿತಿಯು ನೋವನ್ನುಂಟುಮಾಡಿತು. ಆಲೂರ ವೆಂಕಟರಾಯರ ಸ್ನೇಹವೂ ಅಲ್ಲಿಯೇ ಬೆಳೆಯಿತು. ಅವರೂ ಕಾಯಿದೆ ಓದಿದವರೇ. ಆ ಪೀಳಿಗೆಯ ನಾಡಸೇವಕರಲ್ಲಿ ಎಷ್ಟೋ ಜನ ವಕೀಲರಾಗಿದ್ದರೆಂಬುದು ಗಮನಿಸತಕ್ಕ ಸಂಗತಿ. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರನ್ನು ಇಲ್ಲಿ ನೆನೆಯಬಹುದು. ಸರಕಾರದ ನೌಕರಿಯಲ್ಲಿದ್ದವನಿಗೆ ಬಾಯಿ ಕಟ್ಟಿರುತ್ತಿದ್ದಿತು. ವಕೀಲನು ತನ್ನ ಅನ್ನವನ್ನು ತಾನೇ ಗಳಿಸುವವನಾದ್ದರಿಂದ ಸಾರ್ವಜನಿಕ ಕಾರ್ಯಕ್ಕೆ ಅವನಿಗೆ ಕೈ ಬಿಡುವಾಗಿರುತ್ತಿದ್ದಿತು.

1901ರಲ್ಲಿ ಬಿ.ಎ. ಪದವಿಯೂ 1904ರಲ್ಲಿ ಎಲ್‌ಎಲ್.ಬಿ. ಪದವಿಯೂ ಅವರಿಗೆ ದೊರೆತವು. ಮೊದಲು ಬೆಳಗಾವಿಯಲ್ಲಿ ವಕೀಲಿಗೆ ತೊಡಗಿ, ಬೇಗನೆ ವಿಜಾಪುರಕ್ಕೆ ಬಂದು ನೆಲೆನಿಂತರು. ವಿಜಾಪುರವು ಅರಳೆ ಮತ್ತು ಜೋಳದ ಸೀಮೆ. ಮಳೆಯನ್ನು ನಂಬಿ ಬಾಳುವ ನಾಡು. ಬರ ಬಂದರೆ ಸಾಲ, ಸಾಲವಾದರೆ ಅಡವು, ಅಡವಾದರೆ ಕೋರ್ಟು. ಅಂಥ ಊರಿನ ವಕೀಲನ ಮುಂದೆ ದಿನಬೆಳಗಾದರೆ ಬರುವವು ಸಾಲಪತ್ರ, ಅಡವುಪತ್ರ, ಖರೀದಿಪತ್ರ, ಅಂಗಡಿಯ ಖಾತೆ ಕಿರ್ದಿಗಳು. ಈ ಪತ್ರವು ನಿಜವೋ ಕೃತ್ರಿಮವೋ, ಈ ರುಜು ಯಾರದು, ಇದು ಮೂಲವೋ ನಕಲೋ, ನಕಲಾದರೆ ಎಲ್ಲಿ ತಪ್ಪಿದೆ ಎಂದು ನೋಡುವದೇ ಅವನ ನಿತ್ಯಕರ್ಮ. ಹಳಕಟ್ಟಿಯವರು ಈ ಕರ್ಮದಲ್ಲಿ ಹೆಸರುಗೊಂಡು ಸರಕಾರಿ ವಕೀಲರೂ ಆದರು.

ಆದರೆ ಬೇರೊಂದು ಬಗೆಯ ಪತ್ರಗಳು ಅದಕ್ಕೂ ಮುಂಚೆಯೇ ಅವರ ಕಣ್ಣಿಗೆ ಬಿದ್ದಿದ್ದವು. 1903ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ ರಬಕವಿ ಬನಹಟ್ಟಿಗೆ ಹೋಗಿದ್ದರು. ಅಲ್ಲಿ ಭಕ್ತರೊಬ್ಬರ ಮನೆಯಲ್ಲಿ ತಾಡವೋಲೆಯ ಕಟ್ಟುಗಳನ್ನು ಕಂಡರು. ಬಿಚ್ಚಿ ನೋಡಿದರೆ ಪ್ರಭುದೇವರ ವಚನಗಳು. ಇಂಥ ಕಟ್ಟುಗಳು ಆಗ ಎಷ್ಟೋ ಮನೆಗಳ ಜಗಲಿಯ ಮೇಲೆ, ಎಷ್ಟೋ ಮಠಗಳ ಗದ್ದುಗೆಯ ಬಳಿಯಲ್ಲಿ ಇದ್ದವು. ವಿಭೂತಿ ಹಚ್ಚಿ, ಪತ್ರಿ ಪುಷ್ಪಗಳನ್ನು ಏರಿಸಿ ಪೂಜಿಸುವವರು ಇದ್ದರು, ಓದುವವರು ವಿರಳ. ಪೂಜೆಗೊಂಡ ಓಲೆಯನ್ನು ಗೆದ್ದಲು ತಿನ್ನದೆ ಬಿಡುವದಿಲ್ಲ. ಈ ಮಾತನ್ನು ನಮ್ಮ ಮಠಗಳವರಾದ ನಾವೇ ಹೇಳಿಕೊಳ್ಳಬೇಕು, ಬೇರೆಯವರು ಹೇಳಿದರೆ ಸಿಟ್ಟಾಗುತ್ತೇವೆ. ಪಾಠಶಾಲೆಗಳಲ್ಲಿ ಕುಳಿತು ಕೌಮುದಿಯನ್ನೂ ತರ್ಕವನ್ನೂ ಕಂಠಪಾಠ ಮಾಡಿದ ನಮ್ಮಂಥ ಶಾಸ್ತ್ರಿಗಳು ಮಾಡಬೇಕಾಗಿದ್ದ ಕೆಲಸವನ್ನು ಕರಿಯ ಕೋಟಿನ ವಕೀಲರೊಬ್ಬರು ಕೈಗೆತ್ತಿಕೊಂಡರು.

ಸಾಕ್ಷ್ಯವನ್ನು ಕುರಿತು 2024ರವರೆಗೆ ಜಾರಿಯಲ್ಲಿದ್ದ 1872ನೆಯ ಇಸವಿಯ ಕಾಯಿದೆಯಲ್ಲಿ ಒಂದು ನಿಯಮವಿದ್ದಿತು. ಮೂವತ್ತು ವರುಷಕ್ಕೆ ಮೇಲ್ಪಟ್ಟ ಹಳೆಯ ಪತ್ರವು ಅದು ಇರಬೇಕಾದ ಕೈಯಿಂದಲೇ ಹೊರಬಂದರೆ, ಬರೆದವನನ್ನೂ ಸಾಕ್ಷಿಗಳನ್ನೂ ಕರೆಯಿಸದೆಯೇ ಅದನ್ನು ನಿಜವೆಂದು ನ್ಯಾಯಾಧೀಶನು ಗ್ರಹಿಸಬಹುದು ಎಂಬುದೇ ಅದು. ಈ ಕಾಯಿದೆಯನ್ನು ಓದಿದ ಬುದ್ಧಿಗೆ, ತಲೆತಲಾಂತರದಿಂದ ಭಕ್ತನ ಜಗಲಿಯ ಮೇಲಿದ್ದ ಓಲೆಯ ಕಟ್ಟು ಹೇಗೆ ಕಂಡಿರಬೇಕು! ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಒಂದೇ ವಚನವು ನಾಲ್ಕು ಕಟ್ಟುಗಳಲ್ಲಿ ನಾಲ್ಕು ರೂಪದಲ್ಲಿ ಬಂದರೆ ನಾಲ್ಕನ್ನೂ ಎದುರಿಗಿಟ್ಟುಕೊಂಡು, ಪರಸ್ಪರ ವಿರುದ್ಧ ನುಡಿವ ಸಾಕ್ಷಿಗಳನ್ನು ತೂಗುವಂತೆ ತೂಗಿ ನೋಡಬೇಕಾಗುತ್ತಿದ್ದಿತು. ವಚನದ ಕೊನೆಯ ಅಂಕಿತವಾದರೂ ಬರೆದವನ ರುಜುವೇ ಸರಿ. ಕೂಡಲಸಂಗಮದೇವನೆಂದರೆ ಬಸವಣ್ಣನವರು, ನಡುವೆ ಚೆನ್ನ ಎಂಬ ಎರಡಕ್ಷರ ಸೇರಿದರೆ ಅವರ ಸೋದರಳಿಯ ಚೆನ್ನಬಸವಣ್ಣನವರು. ಲಿಪಿಕಾರನು ತೂಕಡಿಸಿ ಆ ಎರಡಕ್ಷರವನ್ನು ಬಿಟ್ಟನೆಂದರೆ ಒಬ್ಬರ ಆಸ್ತಿ ಇನ್ನೊಬ್ಬರ ಹೆಸರಿಗೆ ಏರಿದಂತೆ. ಇಂಥ ಪ್ರಮಾದಗಳನ್ನು ಹುಡುಕಲು ವಕೀಲನ ಕಣ್ಣಿಗಿಂತ ಮಿಗಿಲಾದದ್ದು ಯಾವದು?

ಹೀಗೆ ಊರೂರು ಸುತ್ತಿ ಅವರು ಕೂಡಿಸಿದ ಕಟ್ಟುಗಳು ಸಾವಿರದಷ್ಟು. ಅವರು ತೊಡಗಿದಾಗ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ಜನರಿಗೆ ತಿಳಿದಿದ್ದಿತು; ಅವರ ದುಡಿಮೆಯಿಂದ ಆ ಸಂಖ್ಯೆ ಇನ್ನೂರೈವತ್ತನ್ನು ದಾಟಿತು. 1922ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿ, ದೇಶಾಂತರದ ಪಂಡಿತರ ಮುಂದೆಯೂ ಈ ಸಾಹಿತ್ಯವನ್ನು ಇಟ್ಟರು.

ವಚನಶಾಸ್ತ್ರಸಾರವೆಂಬ ಅವರ ಮಹಾಗ್ರಂಥದ ಕಥೆಯು ಇಲ್ಲಿ ಹೇಳತಕ್ಕದ್ದು. ಹಸ್ತಪ್ರತಿಯನ್ನು ಸಿದ್ಧಪಡಿಸಿ, ಮುಂಗಡವಾಗಿ 500 ರೂಪಾಯಿಗಳೊಡನೆ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರು. ಕನ್ನಡದ ಅಂದವಾದ ಮುದ್ರಣಕ್ಕೆ ಅದು ಹೆಸರಾಗಿದ್ದಿತು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಗಿದ್ದಿತು. ಕೆಲವು ದಿನಗಳ ಮೇಲೆ ಹಸ್ತಪ್ರತಿಯೂ ಹಣವೂ ಮರಳಿ ಬಂದವು. ತಮ್ಮ ಧರ್ಮಗ್ರಂಥದಲ್ಲಿರುವಂಥ ತತ್ತ್ವಗಳೇ ಇದರಲ್ಲಿರುವದರಿಂದ, ಇದನ್ನು ಅಚ್ಚುಹಾಕಿದರೆ ತಮ್ಮ ಪ್ರಚಾರಕ್ಕೆ ಕುಂದು ಬರುವದೆಂದು ಅವರು ಶಂಕಿಸಿದರಂತೆ. ಇದರಲ್ಲಿ ಅವರನ್ನು ಹಳಿಯುವದಕ್ಕಿಂತ, ಪರಮತದವರು ಒಂದೇ ಓದಿಗೆ ಅರಿತ ವಚನಗಳ ಬೆಲೆಯನ್ನು ನಮ್ಮವರು ಎಷ್ಟು ತಡವಾಗಿ ಅರಿತರೆಂದು ಯೋಚಿಸುವದು ಲೇಸು. ಅದೇ ಮಿಶನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚೆನ್ನಪ್ಪನವರು ಮುಂದೆ ಶರಣಸಾಹಿತ್ಯಕ್ಕೆ ತಮ್ಮ ಬಾಳನ್ನೇ ಸವೆಸಿದರೆಂಬುದನ್ನೂ ಮರೆಯಲಾಗದು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಕು ಕಂಡಿತು.

ಆ ಗ್ರಂಥವನ್ನು ತೆರೆದು ನೋಡಿದವರಿಗೆ ವಕೀಲರ ಕೈವಾಡವು ಕೂಡಲೇ ಗೋಚರಿಸುವದು. ವಚನಕಾರರ ಅನುಕ್ರಮವಲ್ಲ, ವಿಷಯದ ಅನುಕ್ರಮ. ಕಾಯಿದೆಯ ಪುಸ್ತಕದಲ್ಲಿ ಅಧ್ಯಾಯಗಳೂ ಕಲಮುಗಳೂ ಇರುವಂತೆ, ಒಂದೊಂದು ತತ್ತ್ವದ ತಲೆಬರಹದ ಕೆಳಗೆ ನಾನಾ ಶರಣರ ನುಡಿಗಳು ಒಂದೆಡೆ ನೆರೆದಿವೆ. ಇದರಿಂದ ಒಬ್ಬ ಶರಣನ ಸಮಗ್ರ ವ್ಯಕ್ತಿತ್ವವು ಚೂರುಚೂರಾಗಿ ಕಾಣುವದೆಂಬ ಆಕ್ಷೇಪವು ಸುಳ್ಳಲ್ಲ. ಮುಂದಿನ ವಿದ್ವಾಂಸರು ವಚನಕಾರರ ಹೆಸರಿನ ಮೇಲೆ ಬೇರೆ ಸಂಪುಟಗಳನ್ನು ಕಟ್ಟಬೇಕಾಯಿತು. ಆದರೆ ಬೀದಿಯಲ್ಲಿ ಚೆಲ್ಲಿದ ಕಾಳನ್ನು ಮೊದಲು ಒಟ್ಟುಗೂಡಿಸಿದವನೊಡನೆ, ಕಣಜದಲ್ಲಿ ಕುಳಿತು ಬೇರ್ಪಡಿಸುವವನು ಜಗಳವಾಡಬಾರದು. ಲಿಂಗಾಯತ ಧರ್ಮಕ್ಕೆ ಶಾಸ್ತ್ರವೆಲ್ಲಿದೆ ಎಂದು ಕೇಳುವವರಿಗೆ ಉತ್ತರವಾಗಿ ಈ ಏರ್ಪಾಟು ಆ ಹೊತ್ತಿಗೆ ಬೇಕಾಗಿದ್ದಿತು. ವಾದಿಯು ಕೇಳಿದ ಪ್ರಶ್ನೆಗೆ ಪ್ರತಿವಾದಿಯ ವಕೀಲರು ದಾಖಲೆಗಳ ಕಟ್ಟನ್ನೇ ತಂದು ನ್ಯಾಯಪೀಠದ ಮುಂದಿಟ್ಟರು.

ಅವರ ವ್ಯವಹಾರಜ್ಞಾನವು ಗ್ರಂಥಗಳಿಗಷ್ಟೇ ಮೀಸಲಾಗಿರಲಿಲ್ಲ. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಹುಟ್ಟುಹಾಕಿದರು, ಇಂದು ಬಿ.ಎಲ್.ಡಿ.ಇ. ಎಂದು ಹೆಸರಾಗಿರುವ ಆ ಸಂಸ್ಥೆಯು ಮುಂದೆ ಬಂಥನಾಳದ ಶ್ರೀ ಸಂಗನಬಸವ ಶಿವಯೋಗಿಗಳ ಕೃಪಾಶ್ರಯದಲ್ಲಿ ಹಬ್ಬಿ ಬೆಳೆಯಿತು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಸಾಲದ ದಾವೆಗಳಲ್ಲಿ ಸಣ್ಣ ವ್ಯಾಪಾರಿಯೂ ಒಕ್ಕಲಿಗನೂ ಮನೆಮಠ ಕಳೆದುಕೊಳ್ಳುವದನ್ನು ಕೋರ್ಟಿನಲ್ಲಿ ನಿಂತು ಕಂಡವರಿಗೆ, ದಾವೆಯ ಮೂಲವನ್ನೇ ಕೀಳುವ ಉಪಾಯವು ಹೊಳೆದದ್ದು ಸಹಜವೇ. ಪುರಸಭೆಯಲ್ಲಿಯೂ ಮುಂಬಯಿ ವಿಧಾನ ಪರಿಷತ್ತಿನಲ್ಲಿಯೂ ಸೇವೆ ಸಲ್ಲಿಸಿದರು.

ಇನ್ನು ತ್ಯಾಗದ ಮಾತು. ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಕೆಲಸ ಸಾಗದೆಂದು ಕಂಡು, 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಒಂದು ಮನೆಯ ಮಾರಾಟವೆಂದರೇನೆಂಬುದು ನೂರಾರು ಖರೀದಿಪತ್ರಗಳನ್ನು ನೋಡಿದ ವಕೀಲರಿಗೆ ತಿಳಿಯದ್ದಲ್ಲ. ಪತ್ನಿ ಭಾಗೀರಥಿಯವರು ಆ ದಿನದಿಂದ ಬಾಡಿಗೆಯ ಮನೆಯಲ್ಲಿ ಒಲೆ ಹೂಡಿದರು. ಚರಿತ್ರಕಾರರು ಆ ತಾಯಿಯನ್ನು ನೆನೆಯುವದು ಕಡಿಮೆ. 1926ರಲ್ಲಿ ಶಿವಾನುಭವ ಪತ್ರಿಕೆಯೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಹೊರಟವು. ಶೂನ್ಯಸಂಪಾದನೆ, ಹರಿಹರದೇವರ ರಗಳೆಗಳು ಒಂದಾದ ಮೇಲೊಂದು ಅಚ್ಚಾದವು. ಹಗಲಿರುಳು ಕರಡಚ್ಚನ್ನು ತಿದ್ದುವವನ ಬಾಗಿಲಿಗೆ ಕಕ್ಷಿಗಾರನು ಎಷ್ಟು ದಿನ ಬಂದಾನು? ವಕೀಲಿಯ ಆದಾಯವು ಇಳಿಯುತ್ತ ಹೋಯಿತು. ಇದ್ದಷ್ಟು ಆದಾಯವನ್ನೂ ಅಚ್ಚಿನ ಯಂತ್ರವೇ ನುಂಗಿತು. ಹರಿದ ಕೋಟನ್ನು ತೊಟ್ಟು ಸೈಕಲ್ಲಿನ ಮೇಲೆ ಊರಲ್ಲಿ ತಿರುಗುತ್ತಿದ್ದ ಆ ಮುದುಕರನ್ನು ವಿಜಾಪುರದ ಹಿರಿಯರು ಬಹುಕಾಲ ನೆನೆಯುತ್ತಿದ್ದರು. ಬಿ. ಎಂ. ಶ್ರೀಕಂಠಯ್ಯನವರು ಆ ಊರಿಗೆ ಬಂದಾಗ, ಗೋಲಗುಮ್ಮಟವನ್ನು ತೋರಿಸಲು ಹೊರಟವರನ್ನು ತಡೆದು, ಮೊದಲು ಹಳಕಟ್ಟಿಯವರೆಂಬ ವಚನಗುಮ್ಮಟದ ದರ್ಶನವಾಗಲೆಂದರೆಂಬ ಪ್ರತೀತಿಯೂ ಉಂಟು.

ಮಾನ ಮನ್ನಣೆಗಳು ಬಾರದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಾವಬಹಾದ್ದೂರ ಪದವಿಯೂ ಸಂದಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಆದರೆ ಶಿವಾನುಭವದ ಚಂದಾ ಹಣವನ್ನು ಕಾಲಕ್ಕೆ ಸರಿಯಾಗಿ ಕಳಿಸುವ ಭಕ್ತರು ಇನ್ನಷ್ಟು ಇದ್ದಿದ್ದರೆ ಅವರಿಗೆ ಆ ಬಿರುದುಗಳಿಗಿಂತ ಹೆಚ್ಚಿನ ಉಪಕಾರವಾಗುತ್ತಿದ್ದಿತೆಂದು ನನಗೆ ಅನಿಸುವದುಂಟು. ಅಂಥ ಸ್ಥಿತಿಯಲ್ಲಿಯೂ ಆ ಪತ್ರಿಕೆಯನ್ನು ಮೂರು ದಶಕಗಳಿಗೂ ಮೀರಿ ನಡೆಯಿಸಿದರು.

ಕರ್ನಾಟಕ ಸರಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಪುಸ್ತಕಗಳಾಗಿ ಹೊರತಂದಿತು. ಎಷ್ಟೋ ವಿದ್ವಾಂಸರು ಕೂಡಿ, ಸರಕಾರದ ಬೊಕ್ಕಸದ ನೆರವಿನಿಂದ ಮಾಡಿದ ಕಾರ್ಯವದು. ಅದರ ಮೊದಲ ಕಲ್ಲನ್ನು ಇಟ್ಟವರು ಅದಕ್ಕೆ ಮೂರು ದಶಕ ಮೊದಲು, 1964ರ ಜೂನ್ 29ರಂದು, ತಮ್ಮ 84 ವರುಷಗಳು ತುಂಬಲು ಮೂರು ದಿನಗಳಿರುವಾಗ, ವಿಜಾಪುರದಲ್ಲಿ ಲಿಂಗೈಕ್ಯರಾದರು. ಆಗಲೂ ಅವರಿಗೆ ಸ್ವಂತದ ಮನೆಯಿರಲಿಲ್ಲ.