ರೊನಾಲ್ಡ್ ರಾಸರೂ ಬೆಂಗಳೂರಿನ ಬಾವಿಗಳೂ

ಮಲೇರಿಯಾ ಜ್ವರದ ಮರ್ಮವನ್ನು ಸೊಳ್ಳೆಯ ಒಡಲಿನಲ್ಲಿ ಕಂಡುಹಿಡಿದ ಸರ್ ರೊನಾಲ್ಡ್ ರಾಸರ ಹೆಸರು ಲೋಕವಿಖ್ಯಾತವಾದುದು. ಅವರು ನಮ್ಮ ಬೆಂಗಳೂರಿನಲ್ಲಿ ಕಾಲರಾ ವ್ಯಾಧಿಯೊಡನೆ ಹೋರಾಡಿದ ಸಂಗತಿಯು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ರಾಸರು 1857ರ ಮೇ 13ರಂದು ಹಿಮಾಲಯದ ಮಡಿಲಿನ ಅಲ್ಮೋರದಲ್ಲಿ ಜನಿಸಿದರು. ತಂದೆ ಸೇನಾಧಿಕಾರಿ. ಬಾಲಕನ ಒಲವು ಕಾವ್ಯ, ಸಂಗೀತಗಳ ಕಡೆಗೆ. ತಂದೆಯ ಹಟ ವೈದ್ಯಶಾಸ್ತ್ರದ ಕಡೆಗೆ. ತಂದೆಯ ಹಟವೇ ಗೆದ್ದಿತು. 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದ ರಾಸರು 1883ರಲ್ಲಿ ಬೆಂಗಳೂರಿಗೆ ಬಂದರು. ಬಂಗಲೆಯ ಕಿಟಕಿಯ ಬಳಿಯಿದ್ದ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಹೊರಳಾಡುವುದನ್ನು ಕಂಡು ಅದನ್ನು ಮಗುಚಿಸಿದರು. ಸೊಳ್ಳೆಗಳ ಕಾಟ ತಗ್ಗಿತು. ನಿಂತ ನೀರಿನ ಮೇಲೆ ಅವರ ಕಣ್ಣು ಬಿದ್ದುದು ಹೀಗೆ.

ಅತ್ತ 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯ ಕೊಳವೊಂದರ ನೀರಿನಲ್ಲಿ ಕಾಲರಾ ಕ್ರಿಮಿಯನ್ನು ಗುರುತಿಸಿದ್ದರು. ನೀರನ್ನು ಪರೀಕ್ಷಿಸಲು ಕಾಕ್ ರೂಪಿಸಿದ ವಿಧಾನ ಸರಳವಾದುದು. ನೀರಿನ ಕೆಲವು ಹನಿಗಳನ್ನು ಕರಗಿಸಿದ ಜೆಲಟಿನ್ನಿನಲ್ಲಿ ಬೆರೆಸಿ ಗಾಜಿನ ಫಲಕದ ಮೇಲೆ ಹರಡಿದರೆ, ಅಗೋಚರವಾದ ಒಂದೊಂದು ಕ್ರಿಮಿಯೂ ವೃದ್ಧಿಗೊಂಡು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಚುಕ್ಕೆಗಳನ್ನು ಎಣಿಸಿ ನೀರಿನ ಗುಣವನ್ನು ನಿರ್ಣಯಿಸಬಹುದು. 1888ರಲ್ಲಿ ರಜೆಯ ಮೇಲೆ ಲಂಡನ್ನಿಗೆ ತೆರಳಿದ ರಾಸರು ಈ ಸೂಕ್ಷ್ಮಜೀವಿ ಶಾಸ್ತ್ರವನ್ನೂ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನೂ ಅಭ್ಯಸಿಸಿ ಮರಳಿದರು.

1895ರಲ್ಲಿ ಅವರು ಸಿಕಂದರಾಬಾದಿನಲ್ಲಿ ಮಲೇರಿಯಾ ಸಂಶೋಧನೆಯಲ್ಲಿ ಮಗ್ನರಾಗಿದ್ದಾಗ, ಬೆಂಗಳೂರಿನ ದಂಡುಪ್ರದೇಶದ ಕಾಲರಾ ನಿವಾರಣೆಗೆ ತೆರಳಬೇಕೆಂಬ ಆಜ್ಞೆ ಬಂದಿತು. ಕೈಗೆಟುಕುವಂತಿದ್ದ ಶೋಧವನ್ನು ಅರ್ಧಕ್ಕೆ ಬಿಟ್ಟು ಹೊರಡುವುದು ವಿಜ್ಞಾನಿಗೆ ಸುಲಭವಲ್ಲ. ಆದರೂ ರಾಸರು ಬಂದರು. ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದವರು ಇಕ್ಕಟ್ಟಾದ ಗಲ್ಲಿಗಳಲ್ಲಿ ಅಲೆದು ಚರಂಡಿಗಳನ್ನೂ ಬಾವಿಗಳನ್ನೂ ಪರಿಶೀಲಿಸಿದರು.

ಹಾರೋಹಳ್ಳಿ, ಕನಕಪುರ ಸೀಮೆಯಂತೆ ಬೆಂಗಳೂರೂ ಕಲ್ಲುನೆಲ. ಬಂಡೆಯ ಬಿರುಕುಗಳಲ್ಲಿ ಹರಿದ ನೀರು ಬಾವಿಯೊಳಗೆ ಸೆಲೆಯಾಗಿ ಒಸರುತ್ತದೆ. ಅದು ನೋಡಲು ತಿಳಿ, ಕುಡಿಯಲು ತಂಪು. ಆದರೆ ಮೇಲಿನ ಕೊಳಕೂ ಅದೇ ಬಿರುಕುಗಳಲ್ಲಿ ಇಳಿದು ಸೆಲೆಯನ್ನು ಸೇರಬಲ್ಲದು. ಕಣ್ಣಾಗಲಿ ನಾಲಗೆಯಾಗಲಿ ಅದನ್ನು ಪತ್ತೆಮಾಡಲಾರದು. 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಮಲಜನ್ಯವಾದ ಇ. ಕೋಲಿ ಕ್ರಿಮಿ ಒಂದೂ ಕಾಣಬಾರದೆಂದು ಇಂದಿನ ಭಾರತೀಯ ಮಾನಕವು ವಿಧಿಸಿರುವುದು ಇದಕ್ಕಾಗಿಯೇ.

1896ರಲ್ಲಿ ರಾಸರು ದಂಡುಪ್ರದೇಶದ ಕಾಲರಾ ಮತ್ತು ನೈರ್ಮಲ್ಯವನ್ನು ಕುರಿತ ವರದಿಯನ್ನು ಪ್ರಕಟಿಸಿದರು. ಅದೇ ವರ್ಷ ಅರ್ಕಾವತಿಯ ನೀರು ಹೆಸರಘಟ್ಟದ ಕೆರೆಯಿಂದ ಕೊಳವೆಗಳಲ್ಲಿ ಬೆಂಗಳೂರಿಗೆ ಹರಿದುಬಂದಿತು. ಸಿಕಂದರಾಬಾದಿಗೆ ಹಿಂದಿರುಗಿದ ರಾಸರು 1897ರ ಆಗಸ್ಟ್ 20ರಂದು ಸೊಳ್ಳೆಯ ಜಠರದಲ್ಲಿ ತಾವು ಅರಸುತ್ತಿದ್ದ ಮಲೇರಿಯಾ ಜೀವಿಯನ್ನು ಕಂಡರು. 1902ರಲ್ಲಿ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. 1932ರ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ನಿಧನರಾದರು.