ದ್ರಾಕ್ಷಿ ಮಾರಿ ಅಂಚೆ ಚೀಟಿ ಕೊಂಡ ಹುಡುಗಿ

ಫ್ರಾನ್ಸಿಸ್ ಹಾಡ್ಸನ್ ಬರ್ನೆಟ್ ಅವರ ಮಕ್ಕಳ ಕಾದಂಬರಿ ‘ಎ ಲಿಟಲ್ ಪ್ರಿನ್ಸೆಸ್’ ಅನ್ನು ನಾನು ರಜೆಯಲ್ಲಿ ಓದಿದೆ. ತಂದೆ ತೀರಿಕೊಂಡು, ಹಣವೂ ಹೋಗಿ, ತಾನು ಓದುತ್ತಿದ್ದ ಶಾಲೆಯಲ್ಲೇ ಕೆಲಸದವಳಾಗುವ ಸಾರಾಳ ಕಥೆ ಅದು. (ಇದ್ದ ಹಣವನ್ನೆಲ್ಲ ಗೆಳೆಯನ ವಜ್ರದ ಗಣಿಗೇ ಹಾಕಿದ ತಂದೆಯ ಲೆಕ್ಕಾಚಾರ ಕಾಮರ್ಸ್ ಓದುವ ನನಗೆ ಸರಿಕಾಣಲಿಲ್ಲ!)

ಬರ್ನೆಟ್ ಹುಟ್ಟಿದ್ದು 1849ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಐದು ಮಕ್ಕಳ ತಾಯಿ ತಾನೇ ವ್ಯಾಪಾರ ನೋಡಿಕೊಂಡರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು ಊರಿನ ಗಿರಣಿಗಳು ಮುಚ್ಚಿದಾಗ ಆ ವ್ಯಾಪಾರವೂ ಬಿತ್ತು. 1865ರಲ್ಲಿ ಕುಟುಂಬ ಅಮೆರಿಕದ ಟೆನೆಸ್ಸಿಗೆ ಹೋಯಿತು. ಅಲ್ಲೂ ಬಡತನವೇ. ಕಥೆ ಬರೆದು ಪತ್ರಿಕೆಗೆ ಕಳಿಸೋಣವೆಂದರೆ ಕಾಗದಕ್ಕೆ, ಅಂಚೆ ಚೀಟಿಗೆ ಕಾಸಿಲ್ಲ. ಕಾಡುದ್ರಾಕ್ಷಿ ಕಿತ್ತು ಮಾರಿ ಅದನ್ನು ಹೊಂದಿಸಿದರು. 1868ರಲ್ಲಿ ಮೊದಲ ಕಥೆಗಳು ಅಚ್ಚಾದವು. ಸಿಕ್ಕಿದ್ದು 35 ಡಾಲರ್. ಆಗ ಅವರಿಗೆ ಹದಿನೆಂಟು, ನನಗಿಂತ ಒಂದೇ ವರ್ಷ ಹೆಚ್ಚು.

ಇದನ್ನು ಮನೆಯಲ್ಲಿ ಹೇಳಿದಾಗ ಹೊಲಿಗೆ ಮೆಷಿನ್ ನಿಲ್ಲಿಸಿ ಅಮ್ಮಿ ಕೇಳಿದ್ದು ಒಂದೇ, ಆ ತಾಯಿಯ ಹೆಸರೇನು ಎಂದು. ಎಲಿಜಾ ಎಂದೆ.

ಮುಂದೆ ಬರ್ನೆಟ್ ಅವರಿಗೆ ಹಣ, ಹೆಸರು ಎರಡೂ ಬಂದವು. ಆದರೆ 1890ರಲ್ಲಿ ಹಿರಿಯ ಮಗ ಲಯನೆಲ್ ಕ್ಷಯದಿಂದ ತೀರಿಕೊಂಡ. ಹಣ ಅವನನ್ನು ಉಳಿಸಲಿಲ್ಲ. ಅವರು 1924ರವರೆಗೂ ಬದುಕಿದ್ದರು, ಬರೆಯುತ್ತಲೇ ಇದ್ದರು. 1911ರ ‘ದಿ ಸೀಕ್ರೆಟ್ ಗಾರ್ಡನ್’ನಲ್ಲಿ ಹಾಸಿಗೆ ಬಿಟ್ಟೇಳದಿದ್ದ ಹುಡುಗನೊಬ್ಬ ಕೊನೆಗೆ ತೋಟದಿಂದ ಓಡಿ ಬಂದು ತಂದೆಯೆದುರು ನಿಲ್ಲುತ್ತಾನೆ. ಆ ಪುಟಕ್ಕೆ ಬಂದಾಗ ನನಗೆ ಲಯನೆಲ್ ನೆನಪಾಗಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.